‘ಸಾಕು’ ಅಂದದ್ದು ‘ಹಾಕು’ ಅಂತ ಕೇಳಿಸುವ ಕಿವಿ

ಪ್ರಶ್ನೆ: ನನಗೆ 61 ವರ್ಷ. ಊರು ದೊಡ್ಡಬಳ್ಳಾಪುರ. ಮನೆ ಪಕ್ಕದ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿವೆ. 33 ವರ್ಷ ನಾನೇ ಓಡಿಸಿದೆ, ಈಗ ಮಗ ನೋಡಿಕೊಳ್ಳುತ್ತಾನೆ. ಎರಡು ವರ್ಷದಿಂದ ಎರಡೂ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಸದ್ದು, ರಾತ್ರಿ ಜಾಸ್ತಿ. ಯಾರೋ ಮಾತಾಡುತ್ತಿದ್ದಾರೆ ಅಂತ ಕೇಳಿಸುತ್ತದೆ, ಏನು ಮಾತಾಡಿದರು ಅಂತ ತಿಳಿಯುವುದಿಲ್ಲ. ಊಟಕ್ಕೆ ಕೂತಾಗ ಸೊಸೆ ‘ಸಾಕಾ ಮಾವ?’ ಅಂದರೆ ನನಗೆ ‘ಹಾಕ್ಲಾ ಮಾವ?’ ಅಂದ ಹಾಗಾಗುತ್ತದೆ. ನಾನು ‘ಹೂಂ’ ಅನ್ನುತ್ತೇನೆ, ಅವಳು ಸೌಟು ಎತ್ತಿಕೊಂಡು ಹೋಗಿಬಿಡುತ್ತಾಳೆ. ‘ನಿಮಗೆ ಬೇಕಾದ್ದು ಮಾತ್ರ ಕೇಳಿಸುತ್ತೆ’ ಅಂತ ಹೆಂಡತಿಯ ಆರೋಪ ಬೇರೆ. ಇಎನ್‌ಟಿ ಡಾಕ್ಟರು ಗುಗ್ಗೆ ತೆಗೆದರು, ಪರದೆ ಚೆನ್ನಾಗಿದೆ ಅಂದರು, ಆಡಿಯೋಗ್ರಾಂ (ಕಿವಿ ಪರೀಕ್ಷೆಯ ನಕ್ಷೆ) ಮಾಡಿಸಿದರು. ಅದರ ಕಾಪಿ ಜೊತೆಗಿದೆ. ಮಗ ಆನ್‌ಲೈನ್‌ನಲ್ಲಿ 1,800 ರೂಪಾಯಿಯ ಕಿವಿ ಮಿಷಿನ್ ತರಿಸಿದ. ಪಾತ್ರೆ ಸದ್ದು, ಫ್ಯಾನ್ ಸದ್ದು ತಲೆಗೆ ಹೊಡೆಯುತ್ತದೆ, ಮಾತು ಮಾತ್ರ ಅಷ್ಟಕ್ಕಷ್ಟೇ. ಈಗ ಅದು ಡ್ರಾಯರ್‌ನಲ್ಲಿದೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಜೋಡಿಗೆ 1,60,000 ರೂಪಾಯಿ ಹೇಳಿದರು. ಹಾಕದಿದ್ದರೆ ಮರೆವಿನ ಕಾಯಿಲೆ ಬರುತ್ತದೆ ಅಂತಲೂ ಅಂದರು. ಸದ್ದು ನಿಲ್ಲಿಸುವ ಮಾತ್ರೆ ಇಲ್ಲವೇ? ಮಿಷಿನ್ ಅಭ್ಯಾಸವಾದರೆ ಇರುವ ಕಿವಿಯೂ ಸೋಮಾರಿ ಆಗುತ್ತದಂತೆ, ನಿಜವೇ?

ಉತ್ತರ: ಕಿವಿ ಪರೀಕ್ಷೆಯ ಕೆಲಸದಲ್ಲಿ ನನಗೆ ಇಪ್ಪತ್ತು ವರ್ಷ ದಾಟಿತು. ನಿಮ್ಮ ಊಟದ ಕಥೆಯಷ್ಟು ಚೆನ್ನಾಗಿ ಈ ತೊಂದರೆಯನ್ನು ಹೇಳಿದವರು ಕಡಿಮೆ. ಸಾಕು, ಹಾಕು. ಅರ್ಥ ಪೂರ್ತಿ ಉಲ್ಟಾ, ಆದರೆ ಎರಡಕ್ಕೂ ಇರುವ ವ್ಯತ್ಯಾಸ ಮೊದಲ ಅಕ್ಷರದ ಒಂದು ‘ಸ್’ ಮಾತ್ರ. ಆ ‘ಸ್’ ಇರುವ ಜಾಗದಲ್ಲೇ ನಿಮ್ಮ ಆಡಿಯೋಗ್ರಾಂ ಗೆರೆ ಕೆಳಗೆ ಬಿದ್ದಿದೆ. ಸೊಸೆಯ ಮಾತಲ್ಲಿ ನಿಮ್ಮ ಕಿವಿಗೆ ಬಂದದ್ದು ‘ಆಕಾ ಮಾವ’ ಅಷ್ಟೇ. ಸೌಟು ಹಿಡಿದು ನಿಂತವರು ಇನ್ನೇನು ಕೇಳುತ್ತಾರೆ? ‘ಹಾಕ್ಲಾ’ ಅಂತ ಮಿದುಳು ತಾನೇ ತುಂಬಿಕೊಂಡಿತು. ಇದರಲ್ಲಿ ನಿಮ್ಮ ತಪ್ಪೂ ಇಲ್ಲ, ಅವರ ತಪ್ಪೂ ಇಲ್ಲ.

ಆ ಕಾಗದವನ್ನು ಒಮ್ಮೆ ಕೈಗೆ ತಗೊಳ್ಳಿ, ಒಟ್ಟಿಗೆ ಓದೋಣ. ಕೆಂಪು ಸೊನ್ನೆಗಳು ಬಲಗಿವಿ, ನೀಲಿ ಇಂಟು ಗುರುತುಗಳು ಎಡಗಿವಿ. ಎಡದಿಂದ ಬಲಕ್ಕೆ ಹೋದಂತೆ ದಪ್ಪ ಸ್ವರದಿಂದ ಕೀರಲು ಸ್ವರಕ್ಕೆ ಹೋಗುತ್ತೇವೆ. ಗುರುತು ಎಷ್ಟು ಕೆಳಗಿದೆಯೋ ಅಷ್ಟು ಜೋರಾಗಿ ಕೊಟ್ಟರೆ ಮಾತ್ರ ನಿಮಗೆ ಕೇಳಿಸಿದೆ ಅಂತ ಅರ್ಥ. ಸ್ವರದ ಅಳತೆ ಹರ್ಟ್ಸ್, ಜೋರಿನ ಅಳತೆ ಡೆಸಿಬೆಲ್. ನಿಮ್ಮ ಬಲಗಿವಿ 250 ಹರ್ಟ್ಸ್‌ನಲ್ಲಿ 15 ಡೆಸಿಬೆಲ್, 500ರಲ್ಲಿ 20, 1000ದಲ್ಲಿ 30, 2000ದಲ್ಲಿ 45, 4000ದಲ್ಲಿ ಧಡಕ್ಕನೆ 70. ಆಮೇಲೆ 8000ದಲ್ಲಿ ಮತ್ತೆ 55ಕ್ಕೆ ಮೇಲೆ ಬಂದಿದೆ. ಎಡಗಿವಿಯೂ ಹೆಚ್ಚುಕಮ್ಮಿ ಹೀಗೇ.

4000ದ ಹತ್ತಿರ ಗುಂಡಿ ಬಿದ್ದು 8000ಕ್ಕೆ ಮತ್ತೆ ಏರುವ ಈ ಆಕಾರ ನಮಗೆ ತುಂಬಾ ಪರಿಚಯ. ಬರೀ ವಯಸ್ಸಿನದಾಗಿದ್ದರೆ ಗೆರೆ ಇಳಿಯುತ್ತಲೇ ಹೋಗುತ್ತಿತ್ತು. ಹೀಗೆ ಗುಂಡಿ ತೋಡುವುದು ವರ್ಷಗಟ್ಟಲೆ ಕೇಳಿದ ಜೋರು ಸದ್ದು. ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿಯುವ ಸದ್ದು, 33 ವರ್ಷ.

ಇನ್ನೊಂದು ವಿಷಯ. ರಿಪೋರ್ಟ್ ಕೊನೆಯಲ್ಲಿ ‘ಮೈಲ್ಡ್’ ಅಂತ ಬರೆದಿದ್ದಾರೆ. 500, 1000, 2000 ಈ ಮೂರನ್ನು ಮಾತ್ರ ಸೇರಿಸಿ ಸರಾಸರಿ ತೆಗೆದರೆ 32 ಬರುತ್ತದೆ, ಅದಕ್ಕೇ ಮೈಲ್ಡ್. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 4000ವನ್ನೂ ಸೇರಿಸಿದರೆ 41 ದಾಟುತ್ತದೆ, ಅದು ಮಧ್ಯಮ ಪ್ರಮಾಣದ ದೋಷ. ಕಿವಿ ಅದೇ, ಲೆಕ್ಕ ಬೇರೆ. ಈ ‘ಮೈಲ್ಡ್’ ಪದ ನೋಡಿಯೇ ಎಷ್ಟೋ ಮನೆಗಳಲ್ಲಿ ‘ಸ್ವಲ್ಪ ಅಷ್ಟೇ ಅಂತೆ, ಗಮನ ಕೊಟ್ಟು ಕೇಳಿಸಿಕೊಳ್ಳಲ್ಲ’ ಅಂದುಬಿಡುತ್ತಾರೆ. ನಿಮ್ಮ ಹೆಂಡತಿಯವರ ಆರೋಪಕ್ಕೂ ಉತ್ತರ ಇಲ್ಲೇ ಇದೆ. ಆ, ಈ, ಊ ಅನ್ನುವ ಸ್ವರಾಕ್ಷರಗಳ ಬಲವೆಲ್ಲ ಹೆಚ್ಚಾಗಿ ಆ ಕಾಗದದ ಎಡಭಾಗದಲ್ಲಿರುತ್ತದೆ. ಅಲ್ಲಿ ನಿಮ್ಮ ಕಿವಿ ಚೆನ್ನಾಗಿದೆ, ಹಾಗಾಗಿ ಯಾರೋ ಮಾತಾಡಿದ್ದು ತಿಳಿಯುತ್ತದೆ. ಸ, ಶ, ಚ, ತ, ಕ, ಪ ಇವೆಲ್ಲ ಮೆತ್ತನೆ ಸದ್ದುಗಳು, ಮೇಲಿನ ಸ್ವರದವು. ಮಾತನ್ನು ಬಿಡಿಸಿ ಹೇಳುವುದು ಇವೇ, ನಿಮಗೆ ತಪ್ಪಿಹೋಗುವುದೂ ಇವೇ. ಎದುರಿಗೆ ಕೂತು, ಮನೆ ನಿಶ್ಶಬ್ದವಾಗಿದ್ದಾಗ ಹೇಳಿದ್ದೆಲ್ಲ ಕೇಳಿಸುತ್ತದೆ. ಅಡುಗೆಮನೆಯಿಂದ, ಮಿಕ್ಸಿ ಓಡುತ್ತಿರುವಾಗ ಹೇಳಿದ್ದು ಕೇಳಿಸುವುದಿಲ್ಲ. ನೋಡುವವರಿಗೆ ಬೇಕಾದ್ದು ಮಾತ್ರ ಕೇಳಿಸಿಕೊಂಡ ಹಾಗೇ ಕಾಣುತ್ತದೆ.

ಒಳಗಿವಿಯಲ್ಲಿ ಬಸವನಹುಳದ ಚಿಪ್ಪಿನಂಥ ಒಂದು ಸುರುಳಿ ಇದೆ. ಅದರೊಳಗೆ ಕೂದಲಿನಂಥ ಎಳೆ ಹೊತ್ತ ಕೋಶಗಳು ಸಾಲಾಗಿ ನಿಂತಿವೆ. ಒಂದು ಕಿವಿಗೆ ಸುಮಾರು 15 ಸಾವಿರ. ಒಂದೊಂದು ಗುಂಪಿಗೂ ಒಂದೊಂದು ಸ್ವರದ ಕೆಲಸ. ನೇಕಾರರಿಗೆ ಇದನ್ನು ಹೇಳುವುದು ಸುಲಭ. ಹಾಸಿನಲ್ಲಿ ಒಂದೇ ಕಡೆ ನಾಲ್ಕೆಳೆ ಹರಿದರೆ ಬಟ್ಟೆ ಉದ್ದಕ್ಕೂ ಅಲ್ಲೇ ಗೀಟು ಬೀಳುತ್ತದೆ, ಅಲ್ವಾ? ಉಳಿದ ಬಟ್ಟೆ ಸರಿಯಾಗೇ ಇರುತ್ತದೆ. ನಿಮ್ಮ ಕಿವಿಯಲ್ಲಿ 4000ದ ಹತ್ತಿರದ ಎಳೆಗಳು ಹರಿದಿವೆ. ಮಗ್ಗ ನಿಲ್ಲಿಸಿ ಗಂಟು ಹಾಕಬಹುದು, ಇಲ್ಲಿ ಹಾಕಲಾಗದು. ಕೋಳಿಯ ಕಿವಿಯಲ್ಲಿ ಈ ಕೋಶಗಳು ಮತ್ತೆ ಹುಟ್ಟುತ್ತವೆ, ಮನುಷ್ಯರ ಕಿವಿಯಲ್ಲಿ ಹುಟ್ಟುವುದಿಲ್ಲ. ಹಾಗಾಗಿ ಬಿಸಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಬಿಡುವುದು, ಡ್ರಾಪ್ಸ್ ಹಾಕುವುದು ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಹಾಕಿದ್ದು ಪರದೆಯ ಈಚೆಗೇ ನಿಲ್ಲುತ್ತದೆ, ತೊಂದರೆ ಇರುವುದು ಪರದೆಯಿಂದ ಎಷ್ಟೋ ಒಳಗೆ. ಪರದೆ ತೂತಾಗಿದ್ದವರು ಎಣ್ಣೆ ಬಿಟ್ಟರಂತೂ ಸೋಂಕಾಗಿ ಕಿವಿ ಸೋರಲು ಶುರುವಾಗಬಹುದು.

ಈಗ ಜೀರುಂಡೆ ವಿಷಯಕ್ಕೆ ಬರುತ್ತೇನೆ. ಟಿನಿಟಸ್ ಅಂತ ಇದರ ಹೆಸರು. ಆಯುರ್ವೇದದಲ್ಲಿ ಕರ್ಣನಾದ ಅನ್ನುತ್ತಾರೆ. ನಿಮಗೆ ಇದರ ಪರಿಚಯ ಎರಡು ವರ್ಷದ್ದಲ್ಲ, ಅದಕ್ಕಿಂತ ಹಳೆಯದು ಅಂತ ನನ್ನ ಊಹೆ. ಶೆಡ್ಡಿನಲ್ಲಿ ನಾಲ್ಕೂ ಮಗ್ಗ ಓಡುತ್ತಿರುವಾಗ ಕರೆಂಟ್ ಹೋಯಿತು ಅಂದುಕೊಳ್ಳಿ. ಎಲ್ಲ ನಿಂತು ನಿಶ್ಶಬ್ದ. ಆಗ ಕಿವಿಯೊಳಗೆ ಒಂದು ಗುಂಯ್ ಕೇಳುತ್ತಿತ್ತು, ಸ್ವಲ್ಪ ಹೊತ್ತಿಗೆ ಹೋಗುತ್ತಿತ್ತು, ಅಲ್ವಾ? ಕಿವಿ ಅವತ್ತೇ ದೂರು ಕೊಟ್ಟಿತ್ತು. ಆಗ ಬಂದು ಹೋಗುತ್ತಿದ್ದದ್ದು ಈಗ ಮನೆಯಲ್ಲೇ ಉಳಿದುಕೊಂಡಿದೆ.

ಈ ಸದ್ದು ಎಲ್ಲಿಂದ ಬರುತ್ತದೆ? ಈಗಿನ ತಿಳಿವಳಿಕೆ ಹೀಗಿದೆ. ಕಿವಿಯಿಂದ ಬರಬೇಕಾದ ಸುದ್ದಿ ಕಡಿಮೆಯಾದಾಗ ಮಿದುಳು ತನ್ನ ವಾಲ್ಯೂಮ್ ಏರಿಸಿಕೊಳ್ಳುತ್ತದೆ. ಹಳೇ ರೇಡಿಯೋದಲ್ಲಿ ಸ್ಟೇಷನ್ ಸಿಗದೆ ವಾಲ್ಯೂಮ್ ಪೂರ್ತಿ ತಿರುಗಿಸಿದರೆ ಗೊರಗೊರ ಅನ್ನುತ್ತದಲ್ಲ, ಅದೇ ಥರ. ನಮಗೆಲ್ಲರಿಗೂ ಒಳಗೆ ಸ್ವಲ್ಪ ಈ ಗೊರಗೊರ ಇದ್ದೇ ಇದೆ. 1953ರಲ್ಲಿ ಅಮೆರಿಕದ ಹೆಲ್ಲರ್ ಮತ್ತು ಬರ್ಗ್‌ಮನ್ ಅನ್ನುವವರು ಕಿವಿ ಚೆನ್ನಾಗಿದ್ದ 80 ಜನರನ್ನು ಸದ್ದು ನುಸುಳದ ಕೋಣೆಯಲ್ಲಿ ಕೂರಿಸಿ, ಏನು ಕೇಳಿಸುತ್ತದೆ ಅಂತ ಬರೆಸಿದರು. ಅವರಲ್ಲಿ ನೂರಕ್ಕೆ 94ರಷ್ಟು ಜನ ಗುಂಯ್, ಜೀರುಂಡೆ, ಸೀಟಿ ಅಂತ ಏನೋ ಒಂದನ್ನು ಬರೆದರು. ರಾತ್ರಿ ನಿಮಗೆ ಜಾಸ್ತಿ ಅನಿಸುವುದು ಇದಕ್ಕೇ. ಸದ್ದು ಏರಿರುವುದಿಲ್ಲ, ಸುತ್ತಲಿನ ಸದ್ದು ಇಳಿದಿರುತ್ತದೆ.

ಇದು ದೊಡ್ಡ ಕಾಯಿಲೆಯ ಗುರುತೇ ಅಂತ ಎಲ್ಲರೂ ಹೆದರುತ್ತಾರೆ. ಎರಡೂ ಕಿವಿಯಲ್ಲಿ ಒಂದೇ ಥರ, ನಿಧಾನವಾಗಿ ಬಂದು, ಹೀಗೆ ಜೀರುಂಡೆಯಂತಿದ್ದರೆ ಸಾಮಾನ್ಯವಾಗಿ ಅಲ್ಲ. ಆದರೆ ಒಂದೇ ಕಿವಿಯಲ್ಲಿ ಮಾತ್ರ ಸದ್ದು ಅಥವಾ ಕಿವುಡು ಇದ್ದರೆ, ಎದೆಬಡಿತಕ್ಕೆ ತಾಳ ಹಾಕಿದಂತೆ ಧಕ್ ಧಕ್ ಅಂದರೆ, ಜೊತೆಗೆ ಸುತ್ತು ಬಂದರೆ, ಕಿವಿ ಸೋರಿದರೆ ತಡ ಮಾಡದೆ ಇಎನ್‌ಟಿ ಡಾಕ್ಟರಿಗೆ ತೋರಿಸಬೇಕು. ಇವೆಲ್ಲಕ್ಕಿಂತ ತುರ್ತಾದ್ದು ಇನ್ನೊಂದಿದೆ. ಬೆಳಿಗ್ಗೆ ಏಳುವಾಗ ಒಂದು ಕಿವಿ ಬಂದ್ ಆಗಿರುವುದು. ನನ್ನಲ್ಲಿಗೆ ಒಬ್ಬ ಟೈಲರ್ ಬಂದಿದ್ದರು. ಹಾಗೇ ಎದ್ದಿದ್ದಾರೆ. ಗುಗ್ಗೆ ಇರಬೇಕು, ಶೀತ ಇರಬೇಕು ಅಂತ ಮೂರು ವಾರ ಎಣ್ಣೆ ಬಿಟ್ಟುಕೊಂಡಿದ್ದಾರೆ. ಅದು ಒಳಗಿವಿಯ ಹಠಾತ್ ಕಿವುಡು. ಮೊದಲ ಎರಡು ಮೂರು ದಿನದಲ್ಲೇ ಬಂದಿದ್ದರೆ ಸ್ಟೆರಾಯ್ಡ್ ಕೊಟ್ಟು ಉಳಿಸಿಕೊಳ್ಳುವ ಅವಕಾಶ ಚೆನ್ನಾಗಿತ್ತು, ಎರಡು ವಾರ ದಾಟಿದ ಮೇಲೆ ಅದು ಬಹಳ ಕಡಿಮೆಯಾಗುತ್ತದೆ. ಇದು ನಿಮಗಾಗಿರುವುದಲ್ಲ. ಆದರೂ ಬೀದಿಯಲ್ಲಿ ಇನ್ನೊಬ್ಬರಿಗೆ ಆದರೆ ನೀವೇ ಓಡಿಸಿ ಕಳಿಸಿ ಅಂತ ಬರೆದೆ.

ಮಾತ್ರೆ? ನೇರವಾಗಿ ಹೇಳುತ್ತೇನೆ, ಈ ಸದ್ದನ್ನು ಆರಿಸುವ ಮಾತ್ರೆ ಇಲ್ಲ. ಗಿಂಕೋ ಅನ್ನುವ ಎಲೆಯ ಮಾತ್ರೆ ಬಹಳ ಮಾರಾಟವಾಗುತ್ತದೆ, ಪರೀಕ್ಷೆಗಳಲ್ಲಿ ಅದು ಟಿನಿಟಸ್‌ಗೆ ಉಪಯೋಗವಾದ ಪುರಾವೆ ಸಿಕ್ಕಿಲ್ಲ. ಬೀಟಾಹಿಸ್ಟಿನ್ ಕೂಡ ಅಷ್ಟೇ. ಅದನ್ನು ತಲೆಸುತ್ತಿಗೆ ಕೊಡುತ್ತಾರೆ, ಆ ವಿಷಯ ಬೇರೆ. ಹಾಗಂತ ಡಾಕ್ಟರು ಬೇರೆ ಕಾರಣಕ್ಕೆ ಬರೆದದ್ದನ್ನು ನೀವೇ ನಿಲ್ಲಿಸಬೇಡಿ. ಕೆಲವು ಔಷಧಿಗಳು ಕಿವಿಗೆ ತೊಂದರೆ ಮಾಡುವುದೂ ಉಂಟು: ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಇಂಜೆಕ್ಷನ್, ಕ್ಯಾನ್ಸರ್‌ಗೆ ಕೊಡುವ ಸಿಸ್‌ಪ್ಲಾಟಿನ್, ಜಾಸ್ತಿ ಪ್ರಮಾಣದ ಆಸ್ಪಿರಿನ್. ಯಾವುದೇ ಆಸ್ಪತ್ರೆಗೆ ಹೋದರೂ ‘ನನಗೆ ಕಿವಿ ತೊಂದರೆ ಇದೆ’ ಅಂತ ಮೊದಲೇ ಹೇಳಿ. ಕಾಫಿ ಬಿಡಬೇಕಾ ಅಂತ ನೀವು ಕೇಳಿಲ್ಲ, ಆದರೆ ನೂರರಲ್ಲಿ ಐವತ್ತು ಜನ ಕೇಳುತ್ತಾರೆ. ಬೇಡ. ಕುಡಿದಾಗ ನಿಮಗೆ ನಿಜವಾಗಿಯೂ ಜಾಸ್ತಿಯಾದರೆ ಕಡಿಮೆ ಮಾಡಿ, ಇಲ್ಲದಿದ್ದರೆ ಸುಮ್ನೆ ಆ ಸುಖ ಯಾಕೆ ಕಳೆದುಕೊಳ್ಳುವುದು?

ಸದ್ದು ಹೋಗದಿರಬಹುದು, ಆದರೆ ಅದರ ಕಾಟ ಕಡಿಮೆಯಾಗುತ್ತದೆ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಗೋಡೆ ಗಡಿಯಾರದ ಟಿಕ್ ಟಿಕ್ ನಿಮಗೆ ಈಗ ಕೇಳಿಸುತ್ತಿತ್ತೇ, ನಾನು ಹೇಳುವ ತನಕ? ಮಿದುಳು ಅಪಾಯವಿಲ್ಲದ ಸದ್ದನ್ನು ಬದಿಗೆ ತಳ್ಳುವುದನ್ನು ಕಲಿಯುತ್ತದೆ. ಅದಕ್ಕೆ ಎರಡು ಸಹಾಯ ಬೇಕು. ಒಂದು, ಪೂರ್ತಿ ನಿಶ್ಶಬ್ದದಲ್ಲಿ ಕೂರಬೇಡಿ. ರಾತ್ರಿ ಫ್ಯಾನ್ ಓಡಲಿ, ಅಥವಾ ಮೊಬೈಲ್‌ನಲ್ಲಿ ಮಳೆ ಸದ್ದು ಸಣ್ಣಗೆ ಇರಲಿ. ಜೀರುಂಡೆಯನ್ನು ಮುಳುಗಿಸುವಷ್ಟು ಜೋರಾಗಿ ಬೇಡ, ಎರಡೂ ಜೊತೆಯಲ್ಲಿ ಕೇಳುವಷ್ಟು ಸಾಕು. ಎರಡು, ಕಿವಿಗೆ ಬರದೇ ಹೋದ ಸುದ್ದಿಯನ್ನು ವಾಪಸ್ ತಲುಪಿಸಿ. ಅದೇ ಕಿವಿ ಮಿಷಿನ್. ನಿಮ್ಮಂತೆ ಕಿವುಡು, ಟಿನಿಟಸ್ ಎರಡೂ ಇರುವವರಲ್ಲಿ ಬಹಳ ಜನಕ್ಕೆ ಮಿಷಿನ್ ಹಾಕಿಕೊಂಡಿದ್ದಾಗ ಸದ್ದು ಹಿಂದೆ ಸರಿಯುತ್ತದೆ. ನಿದ್ದೆಯೇ ಬಾರದೆ, ಮನಸ್ಸು ಕುಗ್ಗಿ, ಇಡೀ ದಿನ ಅದರದೇ ಯೋಚನೆ ಅನ್ನುವ ಹಾಗಿದ್ದರೆ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಇದೆ. ಟಿನಿಟಸ್ ಕಾಟ ಕಡಿಮೆ ಮಾಡುವುದಕ್ಕೆ ಹೆಚ್ಚು ಪುರಾವೆ ಇರುವುದು ಇದಕ್ಕೇ. ಮಾನಸಿಕ ಚಿಕಿತ್ಸೆ ಅಂದ ಕೂಡಲೇ ‘ನನಗೇನು ಹುಚ್ಚಾ’ ಅನ್ನುವವರಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಡ್ರಾಯರ್‌ನಲ್ಲಿರುವ 1,800 ರೂಪಾಯಿಯ ವಸ್ತು ಯಾಕೆ ಸೋತಿತು ಅಂತ ಈಗ ನಿಮಗೇ ಗೊತ್ತಾಗಿರಬೇಕು. ಅದು ಎಲ್ಲ ಸ್ವರವನ್ನೂ ಒಟ್ಟಿಗೆ ಏರಿಸುತ್ತದೆ. ನಿಮಗೆ 250, 500ರಲ್ಲಿ ಏನೂ ಬೇಕಿಲ್ಲ, 4000ದಲ್ಲಿ ಬಹಳ ಬೇಕು. ಫ್ಯಾನಿನ ಭೋರ್ ಸದ್ದು ನಿಮ್ಮ ಚೆನ್ನಾಗಿರುವ ಭಾಗಕ್ಕೆ ನುಗ್ಗುತ್ತದೆ. ಪಾತ್ರೆಯ ಠಣ್ ಸದ್ದು ಮೊದಲೇ ಜೋರು, ಅದನ್ನು ಇನ್ನಷ್ಟು ಜೋರು ಮಾಡಿ ಕೊಡುತ್ತದೆ. ಹಾಳಾದ ಕಿವಿಗೆ ಮೆತ್ತನೆ ಸದ್ದು ಕೇಳಿಸುವುದಿಲ್ಲ, ಜೋರು ಸದ್ದು ಸಹಿಸಲಾಗುವುದಿಲ್ಲ, ಎರಡೂ ಒಟ್ಟಿಗೆ ಇರುತ್ತವೆ. ಒಳ್ಳೆ ಮಿಷಿನ್ ಮೆತ್ತನೆಯದನ್ನು ಜಾಸ್ತಿ ಏರಿಸಿ, ಜೋರಿನದನ್ನು ಅಲ್ಲೇ ತಡೆಯುತ್ತದೆ. ಅದೂ ಒಂದೊಂದು ಸ್ವರಕ್ಕೆ ಒಂದೊಂದು ಅಳತೆಯಲ್ಲಿ, ನಿಮ್ಮ ಆಡಿಯೋಗ್ರಾಂ ನೋಡಿ ಹೊಂದಿಸಿದ ಹಾಗೆ.

ಹಾಗಾದರೆ 1,60,000ದ್ದೇ ಬೇಕಾ? ನನ್ನ ಅಭಿಪ್ರಾಯದಲ್ಲಿ ಬೇಡ. ಸರಿಯಾದ ಡಿಜಿಟಲ್ ಮಿಷಿನ್‌ಗಳು ಒಂದಕ್ಕೆ 15–20 ಸಾವಿರದ ಆಸುಪಾಸಿನಲ್ಲಿ ಶುರುವಾಗುತ್ತವೆ. ಬೆಲೆ ಏರಿದಂತೆ ಸಿಗುವುದು ಗದ್ದಲದಲ್ಲಿ ಸ್ವಲ್ಪ ಅನುಕೂಲ, ಫೋನಿಗೆ ಬ್ಲೂಟೂತ್, ಚಾರ್ಜ್ ಮಾಡುವ ಸೌಲಭ್ಯ. ದಿನಾ ಮೀಟಿಂಗ್, ಸಭೆ ಅಂತ ಓಡಾಡುವವರಿಗೆ ಅವು ಬೇಕು. ನಿಮ್ಮ ದಿನಚರಿ ಮನೆ, ದೇವಸ್ಥಾನ, ಸಂತೆ, ಆಗೊಂದು ಈಗೊಂದು ಮದುವೆ ಅಂತ ಅಂದುಕೊಂಡಿದ್ದೇನೆ. ಮಧ್ಯಮ ಮಟ್ಟದ್ದು ಧಾರಾಳ ಸಾಕು. ಅಂಗಡಿಯವರು ‘ಇದು 16 ಚಾನೆಲ್, ಅದು 20 ಚಾನೆಲ್’ ಅಂತ ಸೀರೆ ಬಿಚ್ಚಿ ತೋರಿಸಿದ ಹಾಗೆ ತೋರಿಸುತ್ತಾರೆ. ಅದರ ಬದಲು ಈ ಮೂರು ಕೇಳಿ. ಹೊಂದಿಸುವವರು ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹೌದೇ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ? ಒಂದೆರಡು ವಾರ ಮನೆಯಲ್ಲಿ ಹಾಕಿ ನೋಡಲು ಕೊಡುತ್ತೀರಾ? ಕಿವಿಯೊಳಗೆ ಸಣ್ಣ ಕೊಳವೆ ಇಟ್ಟು, ಮಿಷಿನ್ ಸದ್ದು ಪರದೆಯ ಹತ್ತಿರ ನಿಜವಾಗಿ ಎಷ್ಟು ಬರುತ್ತಿದೆ ಅಂತ ಅಳೆಯುತ್ತೀರಾ? ರಿಯಲ್ ಇಯರ್ ಮೆಷರ್‌ಮೆಂಟ್ ಅಂದರೆ ಅವರಿಗೆ ಅರ್ಥವಾಗುತ್ತದೆ. ಈ ಅಳತೆ ಮಾಡಿ ಹೊಂದಿಸಿದ 25 ಸಾವಿರದ ಮಿಷಿನ್, ಅಳತೆಯಿಲ್ಲದೆ ಕೊಟ್ಟ ಲಕ್ಷದ ಮಿಷಿನ್‌ಗಿಂತ ಚೆನ್ನಾಗಿ ಕೆಲಸ ಮಾಡಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ನಿಮಗೆ ಕಿವಿಯ ಹಿಂದೆ ಕೂರುವ, ಸಣ್ಣ ತಂತಿಯಲ್ಲಿ ಸ್ಪೀಕರ್ ಕಿವಿಯೊಳಗೆ ಇಳಿಯುವ ಮಾದರಿ ಸರಿಹೋಗುತ್ತದೆ. ಆರ್‌ಐಸಿ ಅನ್ನುತ್ತಾರೆ. ಅದರ ತುದಿಗೆ ತೂತಿರುವ ರಬ್ಬರ್ ಟೋಪಿ ಹಾಕಿಸಿ. ಯಾಕೆ ಅಂದರೆ ದಪ್ಪ ಸ್ವರ ನಿಮಗೆ ಹೊರಗಿನಿಂದಲೇ ಚೆನ್ನಾಗಿ ಬರುತ್ತಿದೆ, ಕಿವಿ ಮುಚ್ಚಿದರೆ ಅದೂ ಕೆಡುತ್ತದೆ. ನಿಮ್ಮ ಮಾತು ನಿಮಗೇ ಕೊಡದೊಳಗೆ ಮುಖ ಇಟ್ಟು ಮಾತಾಡಿದ ಹಾಗೆ ಕೇಳಿಸುತ್ತದೆ. ಕಾಣದ ಹಾಗೆ ಒಳಗೆ ಹುದುಗುವ ಪುಟ್ಟ ಮಿಷಿನ್ ಮೇಲೆ ಎಲ್ಲರಿಗೂ ಆಸೆ, ನಿಮ್ಮ ಥರದ ಕಿವಿಯಲ್ಲಿ ಅದು ಈ ಕಾಟ ಕೊಡುವುದು ಜಾಸ್ತಿ. ಸಾಧ್ಯವಾದರೆ ಎರಡೂ ಕಿವಿಗೆ ಹಾಕಿಸಿ. ಯಾವ ಕಡೆಯಿಂದ ಕರೆದರು ಅಂತ ತಿಳಿಯುವುದಕ್ಕೂ, ಗದ್ದಲದಲ್ಲಿ ಮಾತು ಹಿಡಿಯುವುದಕ್ಕೂ ಎರಡು ಕಿವಿ ಬೇಕು. ದುಡ್ಡು ಸಾಲದಿದ್ದರೆ ಒಂದು ದುಬಾರಿಯ ಬದಲು ಎರಡು ಸಾಧಾರಣ.

ಕಿವಿ ಸೋಮಾರಿ ಆಗುವುದಿಲ್ಲ. ಮಿಷಿನ್ ಹಾಕಿದ್ದಕ್ಕೆ ಕಿವುಡು ಜಾಸ್ತಿ ಆಗುವುದಿಲ್ಲ. ಒಂದು ತಿಂಗಳು ಹಾಕಿ ತೆಗೆದರೆ ಮೊದಲಿಗಿಂತ ಕಡಿಮೆ ಕೇಳಿಸಿದಂತೆ ಅನಿಸುತ್ತದೆ, ಅದು ಹೋಲಿಕೆಯ ಆಟ. ಇಷ್ಟು ದಿನ ಎಷ್ಟು ಕಳೆದುಕೊಂಡಿದ್ದಿರಿ ಅಂತ ಆಗ ತಿಳಿಯುತ್ತದೆ. ನಿಜ ಹೇಳಬೇಕೆಂದರೆ ಹಾಕದೆ ಇದ್ದಾಗಲೇ, ಕೇಳದ ಸದ್ದುಗಳನ್ನು ಗುರುತು ಹಿಡಿಯುವ ಅಭ್ಯಾಸ ಮಿದುಳಿಗೆ ತಪ್ಪುತ್ತದೆ. ಹತ್ತು ವರ್ಷ ಬಿಟ್ಟು ಬಂದವರಿಗೆ ಹೊಂದಿಕೊಳ್ಳುವುದು ಕಷ್ಟ.

ಮರೆವಿನ ವಿಷಯದಲ್ಲಿ ಅಂಗಡಿಯವರು ಅರ್ಧ ಹೇಳಿದ್ದಾರೆ. ನಡುವಯಸ್ಸಿನಲ್ಲಿ ಕಿವಿ ಮಂದವಾದವರಿಗೆ ಮುಂದೆ ಡಿಮೆನ್ಷಿಯಾ ಬರುವ ಸಾಧ್ಯತೆ ಹೆಚ್ಚು ಅಂತ ಹಲವು ಅಧ್ಯಯನಗಳು ಹೇಳಿವೆ. ಆದರೆ ಮಿಷಿನ್ ಹಾಕಿದರೆ ಅದು ತಪ್ಪುತ್ತದೆಯೇ? 2023ರಲ್ಲಿ ಅಮೆರಿಕದಲ್ಲಿ 70ರಿಂದ 84 ವರ್ಷದ 977 ಜನರ ಮೇಲೆ ನಡೆದ ಮೂರು ವರ್ಷದ ಪರೀಕ್ಷೆಯ ಫಲ ಬಂತು. ಒಟ್ಟು ಗುಂಪಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಬೇರೆ ಅಪಾಯಗಳಿದ್ದವರಲ್ಲಿ ಮಾತ್ರ ನೆನಪು, ಯೋಚನಾಶಕ್ತಿ ಕುಗ್ಗುವುದು 48 ಪರ್ಸೆಂಟ್ ನಿಧಾನವಾಯಿತು. ಒಳ್ಳೆಯ ಸುದ್ದಿಯೇ, ಆದರೆ ಹೆದರಿಸಿ ಮಾರುವಂಥದ್ದಲ್ಲ. ಸೊಸೆ ಹೇಳಿದ್ದು ಕೇಳಿಸಬೇಕು, ಮೊಮ್ಮಕ್ಕಳ ಮಾತು ಅರ್ಥವಾಗಬೇಕು. ಮಿಷಿನ್ ಹಾಕುವುದಕ್ಕೆ ಇಷ್ಟು ಕಾರಣ ಸಾಲದೇ?

ಮೊದಲ ತಿಂಗಳ ಬಗ್ಗೆ ಎಚ್ಚರಿಸುತ್ತೇನೆ, ಹೆಚ್ಚಿನ ಮಿಷಿನ್‌ಗಳು ಡ್ರಾಯರ್ ಸೇರುವುದು ಆಗಲೇ. ಕನ್ನಡಕ ಹಾಕಿದ ಕೂಡಲೇ ಅಕ್ಷರ ಕಾಣುತ್ತದೆ, ಇದು ಹಾಗಲ್ಲ. ಮೊದಲ ದಿನ ಪೇಪರ್ ಮಡಚುವುದು ತಗಡು ಮಡಚಿದ ಹಾಗೆ ಕೇಳಿಸುತ್ತದೆ. ಚಪ್ಪಲಿ ಸದ್ದು, ನಲ್ಲಿ ಸದ್ದು, ನೀವೇ ಚಕ್ಕುಲಿ ತಿನ್ನುವ ಸದ್ದು ಎಲ್ಲ ವಿಚಿತ್ರ. ಎಲ್ಲರ ಮಾತಲ್ಲೂ ‘ಸ್ ಸ್’ ಅಂತ ಹಾವು ಬುಸುಗುಟ್ಟಿದ ಹಾಗಿರುತ್ತದೆ. ಅದೇ ನೀವು ಕಳೆದುಕೊಂಡಿದ್ದ ಸಕಾರ! ಬೇಡ ಅಂತ ಕಿತ್ತಿಡಬೇಡಿ. ಮೊದಲ ವಾರ ಮನೆಯಲ್ಲೇ, ಸದ್ದಿಲ್ಲದ ಕೋಣೆಯಲ್ಲಿ, ಒಬ್ಬರ ಜೊತೆ ಮಾತಾಡಿ. ದಿನಕ್ಕೆ ಎರಡು ಮೂರು ಗಂಟೆ. ಪೇಪರನ್ನು ಜೋರಾಗಿ ಓದಿ, ನಿಮ್ಮ ದನಿಗೇ ಮೊದಲು ಹೊಂದಿಕೊಳ್ಳಬೇಕು. ಆಮೇಲೆ ಟಿವಿ, ಆಮೇಲೆ ಸಂತೆ. ಹಾಕಿದ ಮರುದಿನವೇ ಮದುವೆ ಛತ್ರಕ್ಕೆ ಹೋಗಬೇಡಿ, ವಾಲಗ ಶುರುವಾದ ಕೂಡಲೇ ಮಿಷಿನ್ ಜೇಬಿಗೆ ಹೋಗುತ್ತದೆ, ಮತ್ತೆ ಕಿವಿಗೆ ಬರುವುದೇ ಇಲ್ಲ. ನಾಲ್ಕರಿಂದ ಆರು ವಾರದಲ್ಲಿ ಬೆಳಿಗ್ಗೆಯಿಂದ ಮಲಗುವ ತನಕ ಹಾಕುವ ಮಟ್ಟಕ್ಕೆ ಬರಬೇಕು. ಎರಡನೇ ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಹೋಗಿ ಹೊಂದಿಸಿಕೊಂಡು ಬನ್ನಿ. ಒಂದು ಗುಟ್ಟು ಹೇಳುತ್ತೇನೆ. ಎಷ್ಟು ಹೊತ್ತು ಹಾಕಿದ್ದಿರಿ ಅನ್ನುವುದನ್ನು ಈಗಿನ ಮಿಷಿನ್‌ಗಳು ತಾವೇ ಬರೆದಿಟ್ಟುಕೊಳ್ಳುತ್ತವೆ. ‘ದಿನವಿಡೀ ಹಾಕ್ತೀನಿ ಮೇಡಂ’ ಅಂತ ಎದುರಿಗೆ ಕೂತವರು ಹೇಳುತ್ತಿರುತ್ತಾರೆ, ಕಂಪ್ಯೂಟರ್ ದಿನಕ್ಕೆ 40 ನಿಮಿಷ ಅಂತ ತೋರಿಸುತ್ತಿರುತ್ತದೆ. ನಾನು ನಗುವುದಿಲ್ಲ, ‘ಯಾವ ಸದ್ದು ಜಾಸ್ತಿ ಹಿಂಸೆ ಆಗ್ತಿದೆ?’ ಅಂತ ಕೇಳುತ್ತೇನೆ. ಹಿಂಸೆ ಏನು ಅಂತ ಗೊತ್ತಾದರೆ ಸರಿ ಮಾಡಬಹುದು.

ಸೆಲ್ ಹಾಕುವ ಮಿಷಿನ್ ತಗೊಂಡರೆ, ಸೆಲ್ ಮೇಲಿನ ಸ್ಟಿಕ್ಕರ್ ಕಿತ್ತು ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕಿ. ಅದು ಗಾಳಿಯಿಂದಲೇ ಕೆಲಸ ಮಾಡುವ ಸೆಲ್. ಹಳೆಯದನ್ನು ಮೊಮ್ಮಕ್ಕಳ ಕೈಗೆ ಸಿಗದ ಹಾಗೆ ಬಿಸಾಡಿ, ನುಂಗಿದರೆ ಬಹಳ ಅಪಾಯ. ರಾತ್ರಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ, ಮಳೆಗಾಲದಲ್ಲಿ ತಪ್ಪದೆ.

ಮನೆಯವರಿಗೆ ಇದನ್ನು ಓದಿ ಹೇಳಿ. ಕೂಗಬೇಡಿ. ಕೂಗಿದರೆ ಆ, ಊ ಮಾತ್ರ ದೊಡ್ಡದಾಗುತ್ತದೆ, ‘ಸ್’ ಇದ್ದಲ್ಲೇ ಇರುತ್ತದೆ. ಮುಖವೂ ಸಿಟ್ಟಾದಂತೆ ಕಾಣುತ್ತದೆ. ಮೊದಲು ‘ಮಾವ’ ಅಂತ ಕರೆದು, ತಿರುಗಿ ನೋಡಿದ ಮೇಲೆ ಎದುರಿನಿಂದ, ಸ್ವಲ್ಪ ನಿಧಾನವಾಗಿ ಹೇಳಿದರೆ ಆಯಿತು. ತಿಳಿಯದಿದ್ದರೆ ಅದೇ ಪದವನ್ನು ನಾಲ್ಕು ಸಲ ಹೇಳುವ ಬದಲು ಮಾತು ಬದಲಿಸಿ. ಸೊಸೆಯವರು ‘ಸಾಕಾ’ ಬಿಟ್ಟು ‘ಇನ್ನೂ ಬೇಕಾ?’ ಅಂತ ಕೇಳಲಿ. ‘ಇನ್ನೂ’, ‘ಬೇ’ ಎರಡೂ ನಿಮ್ಮ ಕಿವಿ ಚೆನ್ನಾಗಿರುವ ಭಾಗದಲ್ಲಿ ಬರುತ್ತವೆ. ಮಿಷಿನ್ ಬರುವ ತನಕ ಹೊಟ್ಟೆ ತುಂಬಾ ಊಟವಾದರೂ ಆಗಲಿ.

ದುಡ್ಡಿನ ಸಹಾಯ ಸಿಗುತ್ತದಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ಕಿವಿಯಲ್ಲಿ 60 ಡೆಸಿಬೆಲ್‌ನಿಂದ ಲೆಕ್ಕ ಶುರು. ನಿಮ್ಮದು ಅಷ್ಟಿಲ್ಲ, ಹಾಗಾಗಿ ಅಂಗವಿಕಲರ ಸರ್ಟಿಫಿಕೇಟ್‌ಗೆ ಅಲೆಯಬೇಡಿ. ವಯಸ್ಸು 60 ದಾಟಿದವರಿಗೆ, ಬಿಪಿಎಲ್ ಕಾರ್ಡ್ ಇದ್ದರೆ ಅಥವಾ ಆದಾಯ ಕಡಿಮೆ ಇದ್ದರೆ, ಕೇಂದ್ರದ ವಯೋಶ್ರೀ ಯೋಜನೆಯ ಕ್ಯಾಂಪ್‌ಗಳಲ್ಲಿ ಮಿಷಿನ್ ಉಚಿತವಾಗಿ ಕೊಡುತ್ತಾರೆ. ಜಿಲ್ಲೆಯ ಹಿರಿಯ ನಾಗರಿಕರ ಇಲಾಖೆಯಲ್ಲಿ ವಿಚಾರಿಸಿ. ಕೊಂಡುಕೊಳ್ಳುವ ಮುಂಚೆ ಇನ್ನೊಂದು ಅಭಿಪ್ರಾಯ ಬೇಕಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1960ರ ದಶಕದಿಂದ ಇದೇ ಕೆಲಸ ಮಾಡುತ್ತಿರುವ ಸಂಸ್ಥೆ. ಮಿಷಿನ್ ಮಾರುವ ಆತುರ ಇಲ್ಲದ ಜಾಗದಲ್ಲಿ ಪರೀಕ್ಷೆ ಮಾಡಿಸಿದರೆ ನಿಮಗೇ ಒಂದು ಧೈರ್ಯ.

ಕೊನೆಗೆ, ನೀವು ಕೇಳದ ವಿಷಯ. ನಿಮ್ಮ ಮಗ. ಮಗ್ಗಗಳು ಅವೇ, ಶೆಡ್ಡೂ ಅದೇ. ದಿನಕ್ಕೆ ಎಂಟು ಗಂಟೆಗೆ 85 ಡೆಸಿಬೆಲ್ ತನಕ ಪರವಾಗಿಲ್ಲ ಅನ್ನುತ್ತಾರೆ. ಅಲ್ಲಿಂದ 3 ಡೆಸಿಬೆಲ್ ಏರಿದರೆ ಸಮಯ ಅರ್ಧ: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದೇ. ಲಾಳಿ ಮಗ್ಗದ ಶೆಡ್ಡುಗಳಲ್ಲಿ 90 ದಾಟುವುದು ಮಾಮೂಲು. ಕಿವಿಗೆ ಹತ್ತಿ ತುರುಕಿದರೆ ಹೆಚ್ಚೇನೂ ಪ್ರಯೋಜನವಿಲ್ಲ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಫೋಮ್ ಪ್ಲಗ್ ಸಾಕು, ಆದರೆ ಹಾಕುವ ಕ್ರಮ ಇದೆ. ಬೆರಳಲ್ಲಿ ಹೊಸೆದು ಬತ್ತಿಯಷ್ಟು ಸಣ್ಣ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು, ಒಳಗೆ ಇಳಿಸಿ, ಅರಳುವ ತನಕ ಅರ್ಧ ನಿಮಿಷ ಬೆರಳಿಂದ ಒತ್ತಿ ಹಿಡಿಯಬೇಕು. ಹೊರಗೆ ಅರ್ಧ ಕಾಣುತ್ತಿದ್ದರೆ ಸರಿಯಾಗಿ ಕೂತಿಲ್ಲ. ನೀವು ಶೆಡ್ಡಿಗೆ ಹೋಗುವಾಗ ಕಿವಿ ಮಿಷಿನ್ ತೆಗೆದಿಟ್ಟು ಪ್ಲಗ್ ಹಾಕಿಕೊಳ್ಳಿ, ಆಫ್ ಮಾಡಿದ ಮಿಷಿನ್ ಸದ್ದು ತಡೆಯುವುದಿಲ್ಲ. ಪರೀಕ್ಷೆಗೆ ಬರುವ ದಿನ ಮಗನನ್ನೂ ಕರೆದುಕೊಂಡು ಬನ್ನಿ. ಹಿಂದಿನ ರಾತ್ರಿಯಿಂದ ಅವನು ಮಗ್ಗದ ಹತ್ತಿರ ಹೋಗಿರಬಾರದು, ಹೋಗಿದ್ದರೆ ಲೆಕ್ಕ ತಪ್ಪು ಬರುತ್ತದೆ. ಅವನ ಕಾಗದದಲ್ಲೂ 4000ದ ಹತ್ತಿರ ಏನಾದರೂ ಗುಂಡಿ ಶುರುವಾಗಿದೆಯೋ ನೋಡಿಬಿಡೋಣ.